ಎಂಜಿನ್ನಿನ ಕೆಳಗಿನ ಕಲೆ

“ಸೋರ್ತಿತ್ತಂತೆ! ನಿಮ್ಮಪ್ಪನ ಎಂಜಿನ್ನು ಸೋರ್ತಿತ್ತಂತೆ!”

ಅಮ್ಮ ತನ್ನ ಫೋನನ್ನು ಊಟದ ಮೇಜಿನ ಮೇಲೆ ಕುಕ್ಕಿದಳು. ನಾನು ಆಗಷ್ಟೇ ಕಾಲೇಜಿನಿಂದ ಬಂದಿದ್ದೆ. ಹೆಗಲಿನ ಚೀಲ ಇಳಿಸುವಷ್ಟೂ ಪುರುಸೊತ್ತು ಕೊಡಲಿಲ್ಲ.

“ಯಾರಮ್ಮ ಹಾಗಂದದ್ದು?”

“ಅವನೇ, ಬಾಲದ ಮಾಸ್ತರ. ಬಾಲ ನೋಡಿ ವಿಮಾನದ ಜಾತಕ ಹೇಳ್ತಾನಂತಲ್ಲ, ಅವನು. ಎಂಜಿನ್ ಕೆಳಗೆ ಎಣ್ಣೆ ಕಲೆ ಇದೆಯಂತೆ. ಅದ್ಕೆ ಎಪ್ಪತ್ತು ಜನ ಹೆಬ್ಬೆಟ್ಟು ಎತ್ತಿದಾರೆ. ಅವರ ಹೆಬ್ಬೆಟ್ಟಿಗಿಷ್ಟು ಬೆಂಕಿ ಹಾಕ!”

ಅಪ್ಪ ಸೇನೆಯ ಸಾಗಣೆ ವಿಮಾನಗಳಿಗೆ ಎಂಜಿನ್ ಮೆಕ್ಯಾನಿಕ್ ಆಗಿದ್ದ. ತೀರಿಕೊಂಡು ಕೆಲವು ವರ್ಷಗಳಾದವು. ಅವನ ಕೆಲಸದ ದಿನಗಳದೆಂದು ಮನೆಯಲ್ಲಿ ಉಳಿದಿರುವುದು ಒಂದೇ ಫೋಟೋ. ಎರಡು ಎಂಜಿನ್ನಿನ ವಿಮಾನ, ಬೆಳಗಿನ ಬಿಸಿಲು, ಎಡಗಡೆಯ ಎಂಜಿನ್ನಿನ ಮುಂದೆ ಅಪ್ಪ. ಒಂದು ಕೈ ಎತ್ತಿ, ಎಮ್ಮೆಯ ಗಲ್ಲ ಹಿಡಿದವನ ಹಾಗೆ ಎಂಜಿನ್ನಿನ ಹೊದಿಕೆಯ ತುದಿ ಹಿಡಿದು ನಿಂತಿದ್ದಾನೆ.

ಹಳೆಯ ಸೇನಾವಿಮಾನಗಳ ಫೋಟೋ ಹುಡುಕಿ, ಯಾವ ವಿಮಾನ, ಯಾವ ಮಾದರಿ ಎಂದು ಗುರುತಿಸಿ ಹಂಚಿಕೊಳ್ಳುವವರ ಆನ್‌ಲೈನ್ ಗುಂಪೊಂದಕ್ಕೆ ಅದನ್ನು ಹಾಕಿದ್ದು ನಾನು. ಹಾಕಿಸಿದ್ದು ಅಮ್ಮ. ಗುಂಪಿನವರು ಪ್ರದರ್ಶನ ನಡೆಸುವವರಿದ್ದರು, ಒಂದು ಫೋಟೋವನ್ನು ಗೋಡೆಯಷ್ಟು ದೊಡ್ಡದಾಗಿ ಅಚ್ಚು ಹಾಕಿಸುವವರಿದ್ದರು. “ನಮ್ಮದೇ ಆರಿಸ್ಲಿ. ನಾಲ್ಕು ಜನ ನೋಡ್ಲಿ, ಅವರು ಎಂಥಾ ಕೆಲ್ಸಗಾರರು ಅಂತ,” ಎಂಬುದು ಅವಳ ಆಸೆ. ನಮ್ಮದನ್ನೇ ಆರಿಸಿದರು ಕೂಡ. ಅಪ್ಪನನ್ನು ಬಿಟ್ಟು.

ಆ ಗುಂಪಿನಲ್ಲೊಂದು ಪದ್ಧತಿಯಿದೆ. ಫೋಟೋದಲ್ಲಿ ವಿಮಾನದ ಮುಂದೆ ನಿಂತ ಮನುಷ್ಯನನ್ನು ಅವರು ‘ಅಡ್ಡ’ ಎನ್ನುತ್ತಾರೆ. ಪೈಲಟ್ಟಾಗಲಿ, ಅಡುಗೆಯವನಾಗಲಿ, ಎಲ್ಲರೂ ಅಡ್ಡವೇ. ಕಂಪ್ಯೂಟರಿನಲ್ಲಿ ಅವರನ್ನು ಅಳಿಸಿ, ಅವರ ಹಿಂದೆ ಇದ್ದಿರಬಹುದಾದ ತಗಡು, ಚಕ್ರ, ಬಾಗಿಲುಗಳನ್ನು ತುಂಬಿ, ‘ಅಡ್ಡ ತೆಗೆದ ಪ್ರತಿ’ ಎಂದು ಮತ್ತೆ ಹಂಚುತ್ತಾರೆ. ಈ ಕೆಲಸದಲ್ಲಿ ನಿಸ್ಸೀಮನೆಂದರೆ ಗುಂಪಿನ ಮುಖ್ಯಸ್ಥ, ರಿವೆಟ್ ಡಾಕ್ಟ್ರು. ವೃತ್ತಿಯಲ್ಲಿ ದಂತವೈದ್ಯ, ಬಿಡುವಿನಲ್ಲಿ ವಿಮಾನದ ಮೈಮೇಲೆ ತಗಡು ಜೋಡಿಸುವ ರಿವೆಟ್ಟು ಮೊಳೆಗಳನ್ನು ಎಣಿಸುವವನು. ಅಪ್ಪನನ್ನು ಕಿತ್ತವನು ಅವನೇ.

ಅದನ್ನು ನೋಡಿದ ದಿನ ನಾನು ಕೂಗಾಡಿದ್ದೆ. ಅಮ್ಮನೇ ಸಮಾಧಾನ ಮಾಡಿದ್ದಳು: “ಅವರಿಲ್ದಿದ್ರೇನು, ಅವರ ಎಂಜಿನ್ ಇದೆಯಲ್ಲ, ಬಿಡು.” ಈಗ ಎಂಜಿನ್ನಿಗೇ ಕೈಯಿಟ್ಟಿದ್ದರು.

ಬಾಲದ ಮಾಸ್ತರ ಉದ್ದಕ್ಕೆ ಬರೆದಿದ್ದ. ಈ ವಿಮಾನದ ಮೊದಲ ಮಾದರಿಯ ಎಂಜಿನ್ ಎಣ್ಣೆ ಸೋರುವುದಕ್ಕೆ ಹೆಸರಾಗಿತ್ತು, ಎರಡನೆಯದರಲ್ಲಿ ಆ ದೋಷ ಸರಿಹೋಗಿತ್ತು. ಫೋಟೋದಲ್ಲಿ ಎಡ ಎಂಜಿನ್ನಿನ ಕೆಳಗೆ ಉದ್ದನೆಯ ಕಪ್ಪು ಕಲೆಯಿದೆ. ಆದ್ದರಿಂದ ಇದು ಮೊದಲ ಮಾದರಿ, ‘ಅದೂ ನಿರ್ವಹಣೆ ಸರಿಯಿಲ್ಲದ್ದು’.

“ಅವರ ಬಟ್ಟೆ ಒಗೆದವಳು ನಾನು,” ಎಂದಳು ಅಮ್ಮ. “ಎಂಜಿನ್ ಕೆಳಗೆ ಬಿಳೀ ಬಟ್ಟೆ ಹಾಸಿ ಬರೋರು. ಬೆಳಿಗ್ಗೆ ಅದ್ರಲ್ಲಿ ಒಂದು ಹನಿ ಕಂಡ್ರೆ ಸಂಜೆ ಊಟ ಸೇರ್ತಿರಲಿಲ್ಲ. ನಿರ್ವಹಣೆ ಸರಿ ಇಲ್ವಂತೆ! ಇವನು ತನ್ನ ಮೂಗು ನಿರ್ವಹಣೆ ಮಾಡ್ಕೊಳ್ಲಿ ಮೊದ್ಲು!”

ನಾನು ಚಿತ್ರವನ್ನು ಹಿಗ್ಗಿಸಿ ನೋಡಿದೆ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರದ ಬೆಳಕಿನ ಪಾಠ ಮಾಡುವವಳು. ಕಲೆಯನ್ನು ನೋಡಿದ ಮರುಕ್ಷಣವೇ ಏನೋ ಸರಿಯಿಲ್ಲ ಅನಿಸಿತು. ಅದರ ಅಂಚು ಒಂದು ತುದಿಯಲ್ಲಿ ಚೂಪಾಗಿ, ದೂರ ಹೋದಂತೆ ಮಸುಕಾಗಿತ್ತು. ಎಣ್ಣೆಗೆ ಆ ಗುಣವಿಲ್ಲ. ಕಾಂಕ್ರೀಟಿನ ಸಂದಿನಲ್ಲಿ ಎಣ್ಣೆ ಹರಿದುಹೋಗಬೇಕಿತ್ತು, ಇದು ಸಂದನ್ನು ದಾಟಿ ನೆಟ್ಟಗೆ ಹೋಗಿತ್ತು. ಚಕ್ರದ ನೆರಳು ಯಾವ ದಿಕ್ಕಿಗೆ ಬಿದ್ದಿತ್ತೋ ಆ ದಿಕ್ಕಿಗೇ. ನಡುವೆ ಒಂದು ಕವಲು ಬೇರೆ. ಗೋಡೆಯ ಮೇಲಿದ್ದ ಫೋಟೋವನ್ನು ಇಳಿಸಿ ಪಕ್ಕಕ್ಕಿಟ್ಟೆ. ಕಲೆಯ ಚೂಪು ತುದಿ ಅಪ್ಪನ ಬೂಟುಗಳಿಂದ ಹೊರಟಿತ್ತು. ಕವಲು ಅವನು ಎತ್ತಿದ ಕೈ.

ಮನುಷ್ಯನನ್ನು ತೆಗೆದವರು ಅವನ ನೆರಳನ್ನು ಮರೆತಿದ್ದರು. ವಿಮಾನ ನೋಡುವವರು ನೆಲ ಏಕೆ ನೋಡುತ್ತಾರೆ? ಕೊನೆಗೆ ನೋಡಿದಾಗ ಅವರಿಗೆ ಕಂಡದ್ದು ಎಣ್ಣೆ.

“ನೆರಳಾ?” ಎಂದಳು ಅಮ್ಮ. ಬೆರಳಿನಿಂದ ಗಾಜಿನ ಮೇಲೆ ಅದರ ಉದ್ದಕ್ಕೂ ಎಳೆದಳು. ಸೆರಗಿನಿಂದ ಗಾಜನ್ನು ಒರೆಸಿದಳು. ಅವಳು ಬೈಯುತ್ತಿದ್ದಾಗ ಇಲ್ಲದ ಹೆದರಿಕೆ ನನಗೆ ಆಗ ಆಯಿತು.

ಮರುದಿನ ಎರಡೂ ಫೋಟೋಗಳನ್ನು ಹಿಡಿದು ರಿವೆಟ್ ಡಾಕ್ಟ್ರ ಕ್ಲಿನಿಕ್ಕಿಗೆ ಹೋದೆ. ಕುರ್ಚಿಯಲ್ಲಿ ಒಬ್ಬ ರೋಗಿ ಬಾಯಿ ತೆರೆದು ಮಲಗಿದ್ದ. ಡಾಕ್ಟರು ಅವನ ಬಾಯಿಗೆ ಹತ್ತಿ ತುರುಕಿ ನನ್ನ ಮಾತು ಕೇಳಿದರು. ಕೇಳಿದಂತೆಲ್ಲ ಮುಖ ಅರಳಿತು.

“ಅಯ್ಯೋ, ಹೌದಲ್ವಾ! ನೆರಳು! ಅಂದ್ರೆ ಸೋರಿಕೆ ಇಲ್ಲ. ಸೋರಿಕೆ ಇಲ್ಲ ಅಂದ್ರೆ ಇದು ಎರಡನೇ ಮಾದರಿ! ಎರಡನೇ ಮಾದರಿದು ಇಷ್ಟು ಚೆನ್ನಾಗಿರೋ ಫೋಟೋ ಯಾರ ಹತ್ರಾನೂ ಇಲ್ಲ, ಮೇಡಂ!”

“ಡಾಕ್ಟ್ರೇ, ಅದು ನಮ್ಮಪ್ಪ.”

“ಗೊತ್ತು ಗೊತ್ತು. ಏನ್ ಕಣ್ಣು ನಿಮ್ದು! ಬಾಲದ ಮಾಸ್ತರಿಗೆ ಇವತ್ತು ಹಬ್ಬ ಮಾಡ್ತೀನಿ.”

“ಅವರನ್ನ ವಾಪಸ್ ಹಾಕಿ.”

“ಎಲ್ಲಿಗೆ?”

“ಎಲ್ಲಿಂದ ತೆಗೆದ್ರೋ ಅಲ್ಲಿಗೆ.”

ಅವರು ಹಟ ಮಾಡುವ ಮಗುವಿನ ಹಲ್ಲು ನೋಡುವಾಗಿನ ನಗು ನಕ್ಕರು. “ಅಡ್ಡ ಇದ್ರೆ ಜನಕ್ಕೆ ವಿಮಾನ ಕಾಣಲ್ಲ, ಮೇಡಂ. ಬರೋರು ವಿಮಾನ ನೋಡೋಕ್ಕೆ ಬರೋದು. ನೆರಳು ಉಳಿದದ್ದು ಮಾತ್ರ ನನ್ನ ತಪ್ಪು, ಒಪ್ಕೋತೀನಿ. ಅಚ್ಚಿಗೆ ಇನ್ನೂ ಹೋಗಿಲ್ಲ. ಇವತ್ತೇ ಅದನ್ನೂ ತೆಗೆದುಬಿಡ್ತೀನಿ.”

ನಾನು ಅಪ್ಪನಿಲ್ಲದ ಫೋಟೋವನ್ನು ಅವರ ಮುಖದ ಮುಂದೆ ಹಿಡಿದೆ.

“ನಮ್ಮಪ್ಪನ ಎದೆ ಇದ್ದ ಕಡೆ ರಿವೆಟ್ ತುಂಬಿದ್ದೀರಲ್ಲ, ಅವು ಯಾವ ಕಾರ್ಖಾನೆಯವು? ಈ ಕ್ಲಿನಿಕ್ಕಿನವಾ? ನಿಮ್ಮ ಗುಂಪಿನೋರು ಅವನ್ನೂ ಎಣಿಸಿ ಶಭಾಷ್ ಅಂದ್ರು. ಇಲ್ದಿರೋದನ್ನ ಎಣಿಸ್ತೀರಿ, ಇರೋ ಮನುಷ್ಯ ಕಾಣಲ್ಲ. ನನಗೆ ಫೋಟೋ ವಾಪಸ್ ಬೇಕು.”

“ಹಂಚಿಕೊಂಡಾಯ್ತಲ್ಲ, ಮೇಡಂ. ಇನ್ನು ಅದು ಎಲ್ಲರದು.”

ಕುರ್ಚಿಯಲ್ಲಿದ್ದ ರೋಗಿ ತಲೆಯೆತ್ತಿ ಅಪ್ಪನಿದ್ದ ಫೋಟೋ ನೋಡಿದ, ಇಲ್ಲದ ಫೋಟೋ ನೋಡಿದ, ಆಮೇಲೆ ತನ್ನ ಡಾಕ್ಟರನ್ನು ನೋಡಿ ನಿಧಾನವಾಗಿ ಬಾಯಿ ಮುಚ್ಚಿಕೊಂಡ.

ಮನೆಗೆ ಬಂದು ನಡೆದದ್ದನ್ನೆಲ್ಲ ಅಮ್ಮನಿಗೆ ಹೇಳಿದೆ. ಅವಳು ಬೈಯಲಿಲ್ಲ. ಪ್ರದರ್ಶನ ಎಲ್ಲಿ, ಎಷ್ಟು ಹೊತ್ತಿಗೆ ಎಂದಷ್ಟೇ ಕೇಳಿದಳು.

ಪ್ರದರ್ಶನದ ದಿನ ಸಭಾಂಗಣದಲ್ಲಿ ಕ್ಯಾಮೆರಾ ನೇತುಹಾಕಿಕೊಂಡವರೇ ತುಂಬಿದ್ದರು. ಎದುರು ಗೋಡೆಯ ತುಂಬ ನಮ್ಮ ಫೋಟೋ. ಎಂಜಿನ್ನಿನ ಕೆಳಗಿನ ಕಾಂಕ್ರೀಟು ತೊಳೆದ ತಟ್ಟೆಯಂತಿತ್ತು. ಕಲೆಯಿಲ್ಲ, ನೆರಳಿಲ್ಲ. ಕೆಳಗೊಂದು ಫಲಕ: ‘ಎರಡನೇ ಮಾದರಿ. ಅತ್ಯುತ್ತಮ ನಿರ್ವಹಣೆ.’ ಯಾರ ನಿರ್ವಹಣೆ ಎಂದಿರಲಿಲ್ಲ.

ಅಮ್ಮ ಫಲಕವನ್ನು ಓದಿದಳು. ಕೈಚೀಲವನ್ನು ನನಗೆ ಕೊಟ್ಟಳು. ನೇರವಾಗಿ ಗೋಡೆಯ ಹತ್ತಿರ ನಡೆದು, ಎಡ ಎಂಜಿನ್ನಿನ ಮುಂದೆ, ಅಪ್ಪ ನಿಂತಿದ್ದ ಜಾಗದಲ್ಲೇ ಬೆನ್ನು ಕೊಟ್ಟು ನಿಂತಳು. ಒಂದು ಕೈ ಎತ್ತಿ ಹೊದಿಕೆಯ ತುದಿಯ ಮೇಲಿಟ್ಟಳು.

“ಅಮ್ಮಾ, ಸ್ವಲ್ಪ ಪಕ್ಕಕ್ಕೆ ಬರ್ತೀರಾ?” ಎಂದ ಒಬ್ಬ, ಕ್ಯಾಮೆರಾ ಕಣ್ಣಿಗೇರಿಸುತ್ತ.

“ಬರಲ್ಲ.”

“ಒಂದೇ ಒಂದು ಫೋಟೋ, ಅಮ್ಮಾ.”

“ತೆಗಿ. ಬೇಡ ಅಂದ್ನಾ?”

ರಿವೆಟ್ ಡಾಕ್ಟ್ರು ಓಡಿಬಂದರು. “ನೀವಾದ್ರೂ ಹೇಳಿ, ಮೇಡಂ,” ಎಂದರು ನನಗೆ. ನಾನು ಕೈಚೀಲವನ್ನು ಗಟ್ಟಿಯಾಗಿ ಅಪ್ಪಿಕೊಂಡು ನಿಂತಲ್ಲೇ ನಿಂತೆ. ಕ್ಯಾಮೆರಾದವರ ಸಾಲು ಬೆಳೆಯಿತು. ಯಾರು ಎಲ್ಲಿಂದ ಹಿಡಿದರೂ ಚೌಕಟ್ಟಿನ ನಡುವೆ ಅಮ್ಮ. ಅವಳ ಕೈ ನೋಯುತ್ತಿತ್ತು, ನನಗೆ ಕಾಣುತ್ತಿತ್ತು. ಇಳಿಸಲಿಲ್ಲ.

“ದೀಪ ಮುಂದಿದೆ, ಅಮ್ಮಾ,” ಎಂದ ಹಿಂದಿನಿಂದ ಒಬ್ಬ, ತಾಳ್ಮೆ ಕಳೆದುಕೊಂಡು. ಅವನೇ ಬಾಲದ ಮಾಸ್ತರ ಎಂದು ಆಮೇಲೆ ತಿಳಿಯಿತು. “ನಿಮ್ಮ ನೆರಳು ವಿಮಾನದ ಮೇಲೆ ಬೀಳ್ತಿದೆ.”

“ಬೀಳ್ಲಿ,” ಎಂದಳು ಅಮ್ಮ. “ಎಣ್ಣೆ ಅಂತ ಬರ್ಕೊ.”