ಬುತ್ತಿ ಬಿಚ್ಚಿ ಕೂತವರು

ಸುನೀತಾ ತಂಬಿಗೆಯಿಂದ ತಾಯಿಯ ಹೆಗಲ ಮೇಲೆ ಬಿಸಿನೀರು ಸುರಿಯುತ್ತಿದ್ದಳು. ಹೆಣದ ಕುಬಸ ಬಿಚ್ಚುತ್ತಿದ್ದ ತಿಪ್ಪವ್ವನ ಕೈ ತಟ್ಟನೆ ನಿಂತಿತು.

"ಸುನೀತಾ, ಇಲ್ಲಿ ನೋಡ."

ಕುಬಸದೊಳಗೆ ಹಳೆಯ ಧೋತರದ ಪಟ್ಟಿಯೊಂದು ಎದೆಯನ್ನು ಬಿಗಿದು ಸುತ್ತಿತ್ತು. ಅದನ್ನು ಬಿಡಿಸಿದಾಗ ಅರಿಷಿಣದ ಜೊತೆ ಕೊಳೆತ ವಾಸನೆ ಹಿತ್ತಲ ತುಂಬ ಹರಡಿತು. ಎಡಮೊಲೆ ಕಲ್ಲಿನಂತೆ ಗಟ್ಟಿಯಾಗಿ, ಕಪ್ಪಿಟ್ಟು, ಒಂದು ಕಡೆ ಒಡೆದು ಹುಣ್ಣಾಗಿತ್ತು. ನೀರು ಹಾಕಲು ಬಂದಿದ್ದ ಹೆಂಗಸರು ಮುಖ ತಿರುಗಿಸಿದರು.

ರಾಮವ್ವ ಜ್ವರದಿಂದ ಸತ್ತಳೆಂದೇ ಎಲ್ಲರೂ ತಿಳಿದಿದ್ದರು. ಮಗ ಮಾಳಿಂಗ ಸಿಂದಗಿಯಲ್ಲಿದ್ದ ತಂಗಿಗೆ ಫೋನು ಮಾಡಿ ಹೇಳಿದ್ದೂ ಅಷ್ಟೇ. ಸುನೀತಾ ಸಿಕ್ಕ ಬಸ್ಸು ಹಿಡಿದು ಮುದ್ದೇಬಿಹಾಳಕ್ಕೆ ಬಂದಿದ್ದಳು.

"ಅತ್ತಿ, ಇದು ನಿನ್ನಿ ಮೊನ್ನಿದಲ್ಲ."

"ಅಲ್ಲವ್ವಾ." ತಿಪ್ಪವ್ವ ಸತ್ತವಳ ನಾದಿನಿ, ಅದೇ ಓಣಿಯವಳು. "ನನಗೂ ಗೊತ್ತಿರಲಿಲ್ಲ. ಗಂಡಸರ ಮುಂದ ಬಾಯಿ ಬಿಡಬ್ಯಾಡ. ನೀರು ಹಾಕು, ಹೊತ್ತಾಗತೈತಿ."

ಸುನೀತಾ ಪಟ್ಟಿಯನ್ನೇ ನೋಡುತ್ತಿದ್ದಳು. ಅದರ ಗಂಟು ಬೆನ್ನಿನ ಕಡೆಗಿತ್ತು. ಇಂಥ ಎದೆ ಹೊತ್ತವಳು ತನ್ನ ಬೆನ್ನ ಹಿಂದೆ ತಾನೇ ಗಂಟು ಹಾಕಿಕೊಳ್ಳಲಾರಳು. ಯಾರೋ ಹಾಕಿದ್ದರು.

"ವೈನಿ, ನೀ ಕಟ್ಟಿದ್ದೇನು?"

ಮಾಳಿಂಗನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಇಲ್ಲವೆಂದು ತಲೆಯಾಡಿಸಿದಳು.

*

ರಾಮವ್ವನಿಗೆ ಮನೆಯಲ್ಲಿ ಮಾತು ಕಡಿಮೆ. ಗಂಡ ಇದ್ದಾಗ ಮೊದಲು ಅವನ ಊಟವಾಗಬೇಕು, ಆಮೇಲೆ ಮಕ್ಕಳದು, ಆಮೇಲೆ ಬಂದವರದು. ಎಲ್ಲರದೂ ಮುಗಿದ ಮೇಲೆ ಒಲೆಯ ಮಗ್ಗುಲಲ್ಲಿ ಗೋಡೆಗೆ ಮುಖ ಮಾಡಿ ಕೂತು ಬೇಗ ಬೇಗ ಉಂಡು ಏಳುತ್ತಿದ್ದಳು. ಗಂಡ ಸತ್ತ ಮೇಲೆ ಮಾರ್ಕೆಟ್ ಯಾರ್ಡಿನಲ್ಲಿ ತೊಗರಿ, ಜೋಳ ಹಸನು ಮಾಡುವ ಕೆಲಸಕ್ಕೆ ಹೋಗತೊಡಗಿದಳು. ಮಧ್ಯಾಹ್ನದ ಬುತ್ತಿ ಅಲ್ಲೇ.

ಸುನೀತಾಳ ಮದುವೆಗೆ ಮುಂಚಿನ ಮಾತು. ಅವಳನ್ನು ನೋಡಲು ಗಂಡಿನವರು ಹೇಳದೆ ಕೇಳದೆ ಬಂದಿಳಿದಿದ್ದರು. ತಾಯಿಯನ್ನು ಕರೆತರಲು ಅವಳು ಯಾರ್ಡಿಗೆ ಓಡಿದಳು. ಬೇವಿನ ಮರದ ಕೆಳಗೆ ಗುರುತುಪರಿಚಯವಿಲ್ಲದ ಜನ ಸುತ್ತಾಗಿ ಕೂತಿದ್ದರು: ಬಾಗೇವಾಡಿ ಕಡೆಯಿಂದ ಮಾಲು ತಂದ ಮುದುಕ, ಮಡಿಲಲ್ಲಿ ಕೂಸು ಮಲಗಿಸಿಕೊಂಡಿದ್ದ ಹುಡುಗಿ, ಕಾಯಿಪಲ್ಲೆ ಮಾರುವ ಸಾಬರ ಹೆಂಗಸು. ನಡುವೆ ಎಲ್ಲರ ಬುತ್ತಿಯೂ ಬಿಚ್ಚಿತ್ತು. ರಾಮವ್ವ ಮುದುಕನ ಕೈಯಿಂದ ಉಳ್ಳಾಗಡ್ಡಿ ಇಸಿದುಕೊಂಡು, ಮುಷ್ಟಿಯಿಂದ ಗುದ್ದಿ ಒಡೆದು ಹಂಚುತ್ತ, ಏನೋ ಹೇಳಿ, ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ಅವಳ ಬಾಯಿಯ ಒಳಹಲ್ಲುಗಳನ್ನು ಸುನೀತಾ ಕಂಡದ್ದು ಆವತ್ತೇ.

ಸುನೀತಾಳಿಗೆ ಮೈಯೆಲ್ಲ ನಾಚಿಕೆಯಾಯಿತು. ದೂರ ನಿಂತೇ "ಯವ್ವಾ!" ಎಂದು ಕೂಗಿದಳು. ರಾಮವ್ವನ ನಗು ಅಲ್ಲೇ ಆರಿತು. ಸೆರಗು ತಲೆಗೆಳೆದುಕೊಂಡು ಎದ್ದು ಬಂದಳು.

"ಯಾರ್ಯಾರ ಜೋಡಿನೋ ಕೂತು ಉಣ್ಣಾಕತ್ತಿಯಲ್ಲ, ನೋಡಿದವರು ಏನಂದಾರು?"

ರಾಮವ್ವ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು ಮಗಳಿಗಿಂತ ಮುಂದಾಗಿ ಮನೆಯ ಕಡೆ ನಡೆದಳು.

*

ಹೆಣವನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂಡ್ರಿಸಿದ್ದರು. ಭಜನೆಯವರು ತಾಳ ತಟ್ಟುತ್ತಿದ್ದರು. ಚಪ್ಪಲಿಗಳ ಹತ್ತಿರ ಒಬ್ಬ ಹೆಂಗಸು ಖಾಲಿ ಬುಟ್ಟಿ ಹಿಡಿದು ನಿಂತಿದ್ದನ್ನು ಮಾಳಿಂಗ ಕಂಡ.

"ಯಾರ್ರಿ ನೀವು?"

"ಜೋಹರಾಬಿ ಅಂತರಿ. ತಂಗಡಗಿ. ಸಂತ್ಯಾಗ ಕಾಯಿಪಲ್ಲೆ ಮಾರತೇನಿ. ಯಾರ್ಡಿನ ಹಮಾಲರು ಹೇಳಿದ್ರು, ಮನಿ ಕೇಳಕೋತ ಬಂದೆ."

"ನಮ್ಮವ್ವ ನಿಮಗೇನಾಗಬೇಕು?"

ಜೋಹರಾಬಿ ತಡವರಿಸಿದಳು. "ಏನೂ ಆಗಬೇಕಿಲ್ರಿ. ಕೂಡಿ ಉಣ್ಣತಿದ್ವಿ."

ಕಟ್ಟೆಯ ಮೇಲೆ ಕೂತಿದ್ದ ಯಾರೋ ಮೂಗಿನಲ್ಲೇ ನಕ್ಕರು. ಬೇವಿನ ಮರದ ಕೆಳಗೆ ಕಂಡಿದ್ದ ಆ ಮುಖದ ಗುರುತು ಸುನೀತಾಳಿಗೆ ಸಿಕ್ಕಿತು. ಎದ್ದು ಬಂದು ಅವಳ ರಟ್ಟೆ ಹಿಡಿದು ಹಿತ್ತಲಿಗೆ ಕರೆದೊಯ್ದಳು.

"ಪಟ್ಟಿ ಕಟ್ಟಿದವರು ನೀವ ಏನು?"

"ಹೌದವ್ವಾ."

"ಯಾವಾಗಿಂದ?"

"ಹೋದ ಸುಗ್ಗಿಯಿಂದ. ರೊಟ್ಟಿ ಮುರ್ಯಾಕ ಎಡಗೈ ಏಳವಲ್ದಾಗಿತ್ತು ಅಕಿಗೆ. ಯಾಕ ಅಂದೆ. ಗ್ವಾಡಿ ಮರಿಗೆ ಕರಕೊಂಡು ಹೋಗಿ ತೋರಿಸಿದ್ಲು. ವಿಜಾಪುರ ದವಾಖಾನಿಗೆ ಹೋಗೂಣು, ನಾನೂ ಬರ್ತೇನಿ ಅಂದೆ. ಒಲ್ಲೆ ಅಂದ್ಲು. ಸಂತಿಗೊಮ್ಮೆ ಬಂದಾಗ ತೊಳದು, ಅರಿಷಿಣ ಹಚ್ಚಿ ಕಟ್ಟತಿದ್ದೆ."

"ಯಾರ್ಡಿನ್ಯಾಗ ಕೂತು ನಿಮಗ ತೋರಸ್ತಾಳ! ನಾ ಹೊಟ್ಟ್ಯಾಗ ಹುಟ್ಟಿದಾಕಿ. ಪಂಚಮಿಗೆ ಬಂದಿದ್ದೆ, ನನಗ ಒಂದ ಮಾತ ಹೇಳಲಿಲ್ಲ."

"ಮಗಳಿಗರೆ ಹೇಳು ಅಂತ ನಾನೂ ಅಂದೆ."

"ಏನಂದ್ಲು?"

ಜೋಹರಾಬಿ ಬುಟ್ಟಿಯ ಅಂಚು ಸವರಿದಳು.

"ಹೇಳ್ರಿ."

"ಪಂಚಮಿಗೆ ಹೇಳಬೇಕಂತ ಮಾಡಿದ್ಲಂತ. 'ಮಗಳು ನನಗ ತಾಟು ಹಚ್ಚಿ ಕೊಟ್ಟು ಹೊಳ್ಳಿ ಹೋದ್ಲು. ನಮ್ಮ ಮನ್ಯಾಗ ನಾ ಉಣ್ಣಾಗ ಯಾರೂ ಕೂಡಂಗಿಲ್ಲ ಜೋಹರಾ. ನಿಂತವರಿಗೆ ಇಂಥಾದ್ದು ಹೆಂಗ ಹೇಳಲಿ?' ಅಂದ್ಲು."

"ನೀವು ಬಂದು ಹೇಳಬೇಕಿತ್ತು! ಕಣ್ಣಾರೆ ನೋಡಿ ಸುಮ್ಮನಿದ್ರಲ್ಲ, ಹೆಂಗ ಉಂಡ್ರಿ ಅಕಿ ಜೋಡಿ?"

"ಅನ್ನ ಮುಟ್ಟಿ ಆಣಿ ಮಾಡಿಸಿದ್ಲು, ಮಗಳ." ಜೋಹರಾಬಿ ಕಣ್ಣು ಒರೆಸಿಕೊಳ್ಳಲಿಲ್ಲ. "ಆಣಿ ಮುರಿಬೇಕಿತ್ತು ನಾ. ನಿನ್ನ ಮಾತು ಖರೆ ಐತಿ."

ಒಳಗೆ ಮಾಳಿಂಗ ಕೂಗಿದ. ಹೆಣ ಎತ್ತುವ ಹೊತ್ತಾಗಿತ್ತು. ಸುನೀತಾ ಮತ್ತೆ ತಿರುಗಿ ನೋಡುವಷ್ಟರಲ್ಲಿ ಜೋಹರಾಬಿ ಜನರ ಹಿಂದೆ, ಎಲ್ಲರಿಗಿಂತ ದೂರದಲ್ಲಿ ನಡೆಯುತ್ತಿದ್ದಳು.

*

ಮಣ್ಣು ಮುಗಿಸಿ, ಮೈತೊಳೆದುಕೊಂಡು ಗಂಡಸರು ಪಡಸಾಲೆಯಲ್ಲಿ ಸಾಲಾಗಿ ಕೂತರು. ಒಲೆ ಹೊತ್ತಿಸದ ಮನೆಗೆ ಓಣಿಯವರು ರೊಟ್ಟಿ, ಝುಣಕ ತಂದಿದ್ದರು. ಸುನೀತಾ ಬಡಿಸುತ್ತಿದ್ದಳು.

"ಅಕಿ ಯಾಕ ಬಂದಿದ್ಲು?" ಮಾಳಿಂಗ ತಲೆಯೆತ್ತದೆ ಕೇಳಿದ.

"ಅಣ್ಣಾ, ಅವ್ವಗ ಎದಿಯೊಳಗ..."

"ಝುಣಕ ಹಾಕ ಇಷ್ಟು."

ಅವಳು ಹಾಕಿದಳು. ಅವನು ಪಕ್ಕದವನ ಕಡೆ ತಿರುಗಿ ಮೂರನೇ ದಿನದ ಏರ್ಪಾಟಿನ ಮಾತು ತೆಗೆದ. ಸುನೀತಾ ಬೋಗುಣಿ ಹಿಡಿದು ಅಲ್ಲೇ ಕೊಂಚ ನಿಂತಳು. ಆಮೇಲೆ ಅದನ್ನು ಅವನ ಮುಂದೆಯೇ ಇಟ್ಟು ಒಳಗೆ ಹೋದಳು. ನಾಲ್ಕು ರೊಟ್ಟಿಯಲ್ಲಿ ಝುಣಕ ಸುತ್ತಿ ಸೆರಗಿನಲ್ಲಿ ಹಿಡಿದು ತಲೆಬಾಗಿಲಿಂದಲೇ ಹೊರಬಿದ್ದಳು.

"ಸೂತಕದಾಗ ಎಲ್ಲಿ ಹೊಂಟಿಯೇ?" ತಿಪ್ಪವ್ವನ ದನಿ ಓಣಿಯ ತಿರುವಿನವರೆಗೂ ಬಂತು.

ಜೋಹರಾಬಿ ಬಸ್‌ಸ್ಟ್ಯಾಂಡಿನ ಕಂಬಕ್ಕೆ ಒರಗಿ ಕೂತಿದ್ದಳು. ಸುನೀತಾ ಅವಳೆದುರು ನೆಲಕ್ಕೇ ಕೂತು, ರೊಟ್ಟಿಯನ್ನು ಇಬ್ಬರ ನಡುವೆ ಬಿಚ್ಚಿಟ್ಟಳು. ಓಡಾಡುವವರು ನೋಡಿದರು, ನೋಡಲಿ. ಒಂದು ಚೂರು ಮುರಿದಳು. ಬಾಯಿಗೆ ಒಯ್ಯಲಾಗಲಿಲ್ಲ.

"ಇನ್ನೇನೇನು ಹೇಳ್ಯಾಳ ನಿಮಗ?"

"ಭಾಳ ಹೇಳ್ಯಾಳ."

"ಹೇಳ್ರಿ."

ಜೋಹರಾಬಿ ಬುಟ್ಟಿ ಪಕ್ಕಕ್ಕಿಟ್ಟು, ಕಾಲು ಮಡಚಿ, ರೊಟ್ಟಿಗೆ ಕೈ ಹಾಕಿದಳು. ತಂಗಡಗಿ ಬಸ್ಸು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಕಂಡಕ್ಟರು ಬಾಗಿಲಲ್ಲಿ ನೇತಾಡಿ ಊರ ಹೆಸರು ಕೂಗಿದ, ಇವರ ಕಡೆ ನೋಡಿ ಮತ್ತೊಮ್ಮೆ ಕೂಗಿದ. ಇಬ್ಬರೂ ಏಳಲಿಲ್ಲ.