ದಾಯ್ ಅಂದರೆ ಕೊಡು

ಸಲಾಕೆಗೆ ಸಿಕ್ಕಿಸಿದ ಕುರಿಯ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಚುರ್ರೆಂದಿತು, ಹೊಗೆ ಗೋಲಿನ ಕಂಬದವರೆಗೂ ಹೋಗುತ್ತಿದೆ, ಮೈದಾನದಂಚಿನ ಮುದುಕರಿಗೆ ಊಟದ್ದೇ ಚಿಂತೆ, ಫುಟ್‌ಬಾಲ್ ಆಟ ಮುಗಿಯುತ್ತಾ ಬಂತು, ಒಂದು ಗೋಲು, ಒಂದೇ ಒಂದು, ಇಲ್ಲದಿದ್ದರೆ ಕ್ಲಬ್ಬು ಕೆಳಗಿನ ದರ್ಜೆಗೆ, ಕೋಚ್ ಸ್ರೆಚ್ಕೊ ಮನೆಗೆ — ಯಾವ ಮನೆಗೆ, ಹುಟ್ಟೂರು ಶಿಬೆನಿಕ್ ಬಿಟ್ಟು ಕಡಲಾಚೆಯ ಈ ಜೀಲಾಂಗಿಗೆ ಆಡಲೆಂದು ಬಂದವನು, ಮಂಡಿ ಹೋಯಿತು, ಕೊರಳಿಗೆ ಸೀಟಿ ಬಂತು, ಲೋ ಸ್ರೆಚ್ಕೊ, ನಿನ್ನ ಹುಡುಗರಿಗಿಂತ ಈ ಕುರೀನೇ ಚೆನ್ನಾಗಿ ತಿರುಗ್ತಿದೆ ಕಣೋ, ಯೇರೆ ಮಾವ ಬೆಂಕಿಯ ಬಳಿಯಿಂದಲೇ ಕೂಗುತ್ತಾನೆ, ಈ ಹೊತ್ತಲ್ಲೂ ನಗು ಬರುತ್ತಿದೆ, ಓಡು ಕ್ಲೆಮ್, ಗೆರೆಗುಂಟ ಓಡು, ಈ ಕ್ಲೆಮ್ ಇಲ್ಲೇ ಹುಟ್ಟಿದವನು, ಅಭ್ಯಾಸದ ಮೊದಲ ದಿನ ದಾಯ್, ದಾಯ್ ಎಂದು ಕೂಗಿದ್ದಕ್ಕೆ ಮುಖ ಕೆಂಪಗೆ ಮಾಡಿಕೊಂಡು ಚೆಂಡು ಬಿಟ್ಟು ನಡೆದೇಬಿಟ್ಟಿದ್ದ, ಸಾಯಿ ಅಂತೀರಲ್ಲ ಕೋಚ್, ನಾನೇನ್ ಮಾಡ್ದೆ, ಅಯ್ಯೋ ಪೆದ್ದಾ, ನಿಮ್ಮ ಇಂಗ್ಲಿಷಲ್ಲಿ ಡೈ ಅಂದ್ರೆ ಸಾಯಿ, ನಮ್ಮಲ್ಲಿ ದಾಯ್ ಅಂದ್ರೆ ಕೊಡು, ಚೆಂಡು ಕೊಡು, ನನಗೆ ಗೊತ್ತಿರೋ ವಿದ್ಯೆ ಅದೊಂದೇ, ಅಂದಿನಿಂದ ಸತ್ತೆ ಕೋಚ್, ಸತ್ತೆ ಎನ್ನುತ್ತಲೇ ಚೆಂಡು ದಾಟಿಸುತ್ತಾನೆ, ಕಳ್ಳ — ಒಬ್ಬನನ್ನು ದಾಟಿದ, ಇನ್ನೊಬ್ಬನನ್ನೂ, ಹೊಡೆಯಬೇಡ, ಅಲ್ಲಿಂದ ಗೋಲು ಕಾಣುವುದೇ ಇಲ್ಲ, ಅತ್ತ ನೋಡು, ನಮ್ಮ ವಿಂಕೊ ಒಬ್ಬನೇ ನಿಂತು ಕೈ ಎತ್ತಿದ್ದಾನೆ, ಕೈ — ಶಿಬೆನಿಕ್ಕಿನ ಕೊನೆಯ ಪಂದ್ಯದಲ್ಲೂ ಹೀಗೇ ಒಂದು ಕೈ, ತನ್ನದೇ, ಖಾಲಿ ಗೋಲಿನ ಮುಂದೆ, ದಾಯ್, ದಾಯ್, ನಾಯಕ ನೋಡಿದ, ನೋಡಿಯೂ ತಾನೇ ಹೊಡೆದ, ಚೆಂಡು ಕಂಬಕ್ಕೆ ಬಡಿದು ಆಚೆಗೆ, ಸೀಟಿ ಮೊಳಗಿತು, ಎಲ್ಲರೂ ತಲೆ ತಗ್ಗಿಸಿ ಹೋದರು, ಕೈ ಇನ್ನೂ ಮೇಲೇ ಇತ್ತು, ಆ ಕೈಯನ್ನೇ ಹೊತ್ತು ಹಡಗು ಹತ್ತಿದ್ದು — ಕ್ಲೆಮ್ ಕಾಲು ಹಿಂದಕ್ಕೆಳೆಯುತ್ತಿದ್ದಾನೆ, ತಲೆ ತಗ್ಗಿಸಿದ್ದಾನೆ, ಹೊಡೆಯುವವನ ತಲೆ ಅದು, ಗೊತ್ತು, ಚೆನ್ನಾಗಿ ಗೊತ್ತು, ದಾಯ್, ಗಂಟಲು ಹರಿಯುವಂತೆ ದಾಯ್, ಬೆಂಕಿಯ ಬಳಿಯ ಮುದುಕರೂ ದಾಯ್, ಕ್ಲೆಮ್ ತಲೆ ಎತ್ತಿದ, ಸತ್ತೆ ಕೋಚ್ ಎಂದು ಚೀರಿದ, ಕೊಟ್ಟ, ಕೊಟ್ಟುಬಿಟ್ಟ, ಚೆಂಡು ಹುಲ್ಲು ಸವರುತ್ತಾ ಬರುತ್ತಿದೆ, ಬಂತು, ವಿಂಕೊನ ಕಾಲಿಗೆ, ಬಲೆಗೆ, ಬಲೆ ಉಬ್ಬಿತು, ಯೇರೆ ಮಾವ ಕುರಿಯನ್ನು ಬೆಂಕಿಗೇ ಬಿಟ್ಟು ಓಡಿಬಂದು ತಬ್ಬಿಕೊಂಡು ಕುಣಿಯುತ್ತಿದ್ದಾನೆ, ಸುಟ್ಟು ಹೋಗ್ಲಿ ಬಿಡೋ, ಕರಕಲೇ ತಿನ್ನೋಣ, ಆದ್ರೆ ಆ ಕೈ ಇಳ್ಸೋ, ಇನ್ಯಾರ ಹತ್ರ ಚೆಂಡು ಕೇಳ್ತಿದ್ದೀಯಾ, ಯಾವ ಕೈ ಮಾವಾ — ಓ, ಎತ್ತಿದ ಕೈ, ಇನ್ನೂ ಎತ್ತಿದ ಕೈ, ತನ್ನ ಕೈ