ಬೇವಿನ ಹಲಗೆಗೊಂದು ಕಚ್ಚು

ಹೊಸ ರಬ್ಬರಿನ ವಾಸನೆ, ಅಸ್ಲಂ ಡಬ್ಬಿಯ ಬಾಯಿ ಬಿಚ್ಚಿ ಮಷಿನು ಹೊರಗೆ ತೆಗೆಯುವಾಗ ಮೂಗಿಗೆ ಬಂದದ್ದು, ನನ್ನ ಕಾರು ಹೊಸದಾಗಿದ್ದಾಗಲೂ ಇದೇ ವಾಸನೆ ಇತ್ತು, ಕಿಟಕಿ ಏರಿಸಿ ಒಳಗೆ ಸುಮ್ಮನೆ ಕೂತು ಮೂಸುತ್ತಿದ್ದೆ, ಆ ಕಾರು ಈಗ ಕೂಡ್ಲಿಗಿಯಲ್ಲಿ ಬೇರೆ ಯಾರದೋ ಬಾಡಿಗೆ ಹೊಡೆಯುತ್ತಿರಬೇಕು, ಕೊಟ್ಟೂರಿನ ನಮ್ಮ ಮನೆಗೆ ಅಂಟಿಕೊಂಡಿರುವ ಅದರ ಶೆಡ್ಡು ಮಾತ್ರ ನನಗೆ ಉಳಿದಿದೆ, ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಬೇವಿನ ಹಲಗೆಗಳು, ಗರಗಸ, ಉಳಿ, ಹಲಗೆ ಹೆರೆಯುವ ರಂದಾ, ಎಣ್ಣೆಯ ಕಲೆಯ ಮೇಲೆ ಮರದ ಹೊಟ್ಟು — ಕೊಟ್ರಣ್ಣ, ಮೂರೂ ಇಟ್ಟೀನಿ, ಕೈಯಾಗ ಹಿಡಿದು ನೋಡ್ರಿ, ಅನ್ನುತ್ತಾನೆ ಅಸ್ಲಂ, ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದಿನ ಈ ಮಷಿನು ಅಂಗಡಿ ಅವನದು, ಕೈಯಲ್ಲಿ ಹಿಡಿ ಅಂದರೆ ಹೇಗಪ್ಪ ಹಿಡಿಯಲಿ, ಬಲಗೈ ಜೇಬಿನಲ್ಲಿದೆ, ಸುಮ್ಮನಿದ್ದರೆ ಅದೂ ಸುಮ್ಮನಿರುತ್ತದೆ, ಏನನ್ನಾದರೂ ಹಿಡಿಯಲು ಹೋದರೆ ಸಾಕು ನಡುಗಲು ಶುರು, ದಾವಣಗೆರೆಯ ಡಾಕ್ಟರು ಬೆಳಕು ಬಿಟ್ಟು, ಗೆರೆ ಎಳೆಸಿ, ನೀರಿನ ಲೋಟ ಹಿಡಿಸಿ ನೋಡಿ, ಜೀವಕ್ಕೇನೂ ತೊಂದರೆ ಇಲ್ಲ ಸ್ವಾಮಿಯವರೇ, ಆದರೆ ಇದು ಹೋಗೋದೂ ಇಲ್ಲ ಅಂದರು, ನೆಂಟರೊಬ್ಬರನ್ನು ಮನೆಗೆ ಬಿಡಲು ಬಂದವರ ಹಾಗೆ. ಹಿರೇಹಡಗಲಿಯಿಂದ ಒಬ್ಬ ಬಸುರಿ ಹೆಣ್ಣುಮಗಳನ್ನು ಕರೆತರುವಾಗ ಗೇರಿನ ಮೇಲೆ ಕೈ ನಿಲ್ಲಲಿಲ್ಲ, ಅವಳನ್ನು ಆಸ್ಪತ್ರೆ ಮುಟ್ಟಿಸಿ, ಮರುದಿನವೇ ಕಾರು ಮಾರಲು ಹೇಳಿಬಿಟ್ಟೆ, ಯಾರೂ ಒತ್ತಾಯ ಮಾಡಲಿಲ್ಲ, ನಾನೇ.

ಮೂರು ಸಾಮಾನು, ಒಂದೇ ಕೆಲಸ, ಹಲಗೆಯಲ್ಲಿ ನೇರವಾಗಿ ಒಂದು ಕಚ್ಚು ತೋಡಬೇಕು, ಇನ್ನೊಂದು ಹಲಗೆ ಅದರೊಳಗೆ ಜಾರಿ ಕೂರುವಷ್ಟು, ಅಷ್ಟೇ — ಮೊದಲನೆಯದು ಕಚ್ಚು ತೋಡುವ ಕೈ ರಂದಾ, ಹಿತ್ತಾಳೆಯದು, ಎಷ್ಟು ಚೆಂದ ಇದೆ, ಕೈ ಗಟ್ಟಿ ಇದ್ದಿದ್ದರೆ ಎದೆಗಪ್ಪಿಕೊಂಡು ಒಯ್ಯುತ್ತಿದ್ದೆ, ಎರಡನೆಯದು ಮೇಜಿನ ಕೆಳಗೆ ಕೂರಿಸುವ ದುಂಡು ಗರಗಸ, ಅದಕ್ಕೆ ಹಲಗೆಯನ್ನು ಉದ್ದಕ್ಕೆ ತಳ್ಳಬೇಕು, ನಮ್ಮ ಶೆಡ್ಡೋ ಕಾರಿನ ಅಳತೆಗೆ ಕಟ್ಟಿದ್ದು, ಹಲಗೆಯ ತಲೆ ಗೋಡೆಗೆ ಬಡಿಯುತ್ತದೆ, ಮೂರನೆಯದು ಈ ರೂಟರ್, ಎರಡು ಕಡೆ ದುಂಡು ಹಿಡಿಕೆ, ನಡುವೆ ತಿರುಗುವ ಅಲಗು, ಎರಡೂ ಕೈಲಿ ಹಿಡಿದು ನಡೆಸಿದರೆ ಆಯಿತು, ಇದಾದರೂ ನನ್ನ ಕೈಯ ಮಾತು ಕೇಳಿಸಿಕೊಳ್ಳದೆ ತನ್ನ ಪಾಡಿಗೆ ತಾನು ಕೊರೆದೀತು ಎಂಬ ಆಸೆ. ನನ್ನ ಹೆಂಡತಿ ಹೊನ್ನೂರಿಗೆ ದಾರದ ಕಪಾಟು ಮಾಡುತ್ತಿದ್ದೇನೆ, ಊರವರ ಕುಬಸಗಳನ್ನೆಲ್ಲ ಹೊಲಿಯುವ ಹೆಂಗಸು, ದಾರದ ಉಂಡೆಗಳೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ, ಗಿಳಿಹಸಿರು ಬೇಕಾದರೆ ಡಬ್ಬಿಯನ್ನೇ ನೆಲಕ್ಕೆ ಬೋರಲು ಹಾಕುತ್ತಾಳೆ, ಉಂಡೆಗಳು ಮಂಚದಡಿಗೆ ಓಡುತ್ತವೆ, ಅವುಗಳ ಹಿಂದೆ ಮಂಡಿಯೂರಿ ಅವಳೂ, ಎಲ್ಲಿ ಹೊಂಟಿ ನಿಂದ್ರಲೇ ಎಂದು ದಾರಕ್ಕೆ ಬೈಯುತ್ತ. ಮೊಳೆಯಿಲ್ಲದ ಕಪಾಟು ಮಾಡೋಣ, ಹಲಗೆಗಳು ಕಚ್ಚಿನಲ್ಲಿ ಜಾರುವಂತಿರಲಿ, ಬೇಕಾದಾಗ ತೆಗೆದು ಹಾಕಲಿ, ಕಚ್ಚು ಮುಂದಿನ ಅಂಚಿಗಿಂತ ತುಸು ಹಿಂದೆಯೇ ನಿಲ್ಲಲಿ, ಎದುರಿಂದ ನೋಡಿದರೆ ಕಾಣದ ಹಾಗೆ, ಇಷ್ಟೆಲ್ಲ ಮನಸ್ಸಿನಲ್ಲಿ ಮಾಡಿಯಾಗಿತ್ತು, ಉಳಿ ಹಿಡಿದರೆ ಕಚ್ಚು ಇರುವೆ ಸಾಲಿನ ಹಾಗೆ ಹೋಯಿತು, ಕೂರಿಸಿದ ಹಲಗೆ ಸಡಿಲ ಹಲ್ಲಿನಂತೆ ಅಲ್ಲಾಡಿತು, ಇನ್ನೊಂದು ಹಲಗೆ, ಅದೂ ಹಾಗೆಯೇ, ಕೆಟ್ಟದ್ದನ್ನೆಲ್ಲ ಅವಳು ಕಾಣದ ಹೊತ್ತಿನಲ್ಲಿ ಬಚ್ಚಲ ಒಲೆಗೆ ಹಾಕಿದೆ, ಬೇವಿನ ಕಹಿ ಹೊಗೆ ಮನೆಯೆಲ್ಲ, ಇವತ್ತೂ ಸೊಳ್ಳಿಗೆ ಹೊಗಿ ಹಾಕೀರೇನ್ರಿ, ಎಂದು ಹೊಲಿಗೆಯಿಂದ ತಲೆ ಎತ್ತದೆ ಕೇಳಿದಳು, ಹ್ಞೂಂ ಬಾಳ ಆಗ್ಯಾವು ಎಂದೆ.

ನನ್ನ ಜೊತೆ ಹರಪನಹಳ್ಳಿಗೆ ಬಂದ ಅವಳು ಈಗ ಅಸ್ತರಿನ ಬಟ್ಟೆ ತರಲು ಪೇಟೆಯೊಳಗೆ ಹೋಗಿದ್ದಾಳೆ, ಬರುವುದರೊಳಗೆ ನೋಡಿಬಿಡಬೇಕು, ಹಚ್ಚಪ್ಪ ಅಸ್ಲಂ, ರೂಟರ್ ಹಚ್ಚು, ನಾನು ಚೀಲದಲ್ಲಿ ತಂದ ಬೇವಿನ ತುಂಡನ್ನೇ ಅವನು ಮೇಜಿಗೆ ಬಿಗಿದು, ಅದರ ಮೇಲೆ ನೇರವಾದ ಒಂದು ಪಟ್ಟಿ ಕೂರಿಸಿ, ಇದಕ್ಕ ಆತುಕೊಂಡು ನಡಸ್ರಿ ಅಣ್ಣ, ಕಣ್ಣಿಗೆ ಇದು ಹಾಕ್ಕೊಳ್ರಿ, ಎಂದು ಕನ್ನಡಕ ಕೊಟ್ಟ, ಗುಂಡಿ ಒತ್ತಿದ ಕೂಡಲೇ ಅದು ಕಿರುಚಿತು, ಮುಂಗೈಯವರೆಗೆ ಜುಮ್ಮೆಂದಿತು, ಹೋಗು, ಹೋಗಪ್ಪ, ನೇರ ಹೋಗು, ಇಲ್ಲ — ಬಲಗೈ ಒಂದು ಕಡೆ ಎಳೆಯಿತು, ಎಡಗೈ ತಡೆಯಲು ಹೋಯಿತು, ಪಟ್ಟಿ ಬಿಟ್ಟು ದೂರ ಸರಿದ ಅಲಗು ಬೇವಿನ ಮೈಯಲ್ಲಿ ಹಾವಿನಂತೆ ಹರಿದು ಹೋಯಿತು, ಮಷಿನನ್ನು ನಾನೇ ನಿಲ್ಲಿಸಿದೆ. ಅಸ್ಲಂ ಒಳ್ಳೆಯ ಮನುಷ್ಯ, ಕಚ್ಚಿನ ಕಡೆ ನೋಡದೆ ಗೋಡೆಯ ಕಡೆ ತಿರುಗಿ ಏನನ್ನೋ ಹುಡುಕತೊಡಗಿದ, ಅಲ್ಲಿ ಕ್ಯಾಲೆಂಡರ್ ಬಿಟ್ಟರೆ ಏನೂ ಇರಲಿಲ್ಲ, ನಾನು ಕೈ ಜೇಬಿಗೆ ಹಾಕಿದೆ, ಮುಗೀತು, ಕಾರಿನ ಹಾಗೆ ಇದೂ, ಶೆಡ್ಡಿಗೆ ಇನ್ನು ಬೀಗ ಹಾಕುವುದೇ — ಅಸ್ಲಮಣ್ಣ, ನಿಮ್ಮ ಮಷಿನು ಬಾಳ ನಡುಗತೈತಲ್ಲ, ಇದು ಹೊನ್ನೂರಿಯ ದನಿ, ಮೆಟ್ಟಿಲ ಮೇಲೆ ಬಟ್ಟೆಯ ಚೀಲ ಹಿಡಿದು ನಿಂತಿದ್ದಾಳೆ, ಯಾವಾಗ ಬಂದಳೋ, ಹೌದಕ್ಕ ಹೊಸಾದು ನೋಡು, ಮೊದಮೊದಲು ಹಂಗ, ಎನ್ನುತ್ತಾನೆ ಅಸ್ಲಂ, ಇಬ್ಬರೂ ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತಿದ್ದಾರೆ, ಇಬ್ಬರ ಮುಖದಲ್ಲೂ ನಗುವಿಲ್ಲ.

ಇದನ್ನ ಪಟ್ಟಿಗೆ ಆನಿಸಿ ತಳ್ಳಬೇಕೇನು, ಕುಬಸದ ಅಂಚು ಹೊಲಿದಂಗ? ಹಂಗೇ ಅಕ್ಕ, ಅವಸರ ಮಾಡಬ್ಯಾಡ, ಅದು ತಾನಾ ತಿನ್ನತೈತೆ. ಸರೀರಿ ಅಂತ ನನ್ನನ್ನು ಪಕ್ಕಕ್ಕೆ ಸರಿಸಿದಳು, ಸೆರಗು ಸೊಂಟಕ್ಕೆ ಬಿಗಿದಳು, ನನ್ನ ಕಣ್ಣಿನಿಂದಲೇ ಕನ್ನಡಕ ತೆಗೆದು ಹಾಕಿಕೊಂಡಳು, ಮಷಿನು ಕಿರುಚಿದಾಗ ಒಮ್ಮೆ ಭುಜ ಹಾರಿತು, ಆಮೇಲೆ ಇಲ್ಲ, ಆಮೇಲೆ ಅವಳು ಅಂಗಡಿಯಲ್ಲಿ ಇರಲೇ ಇಲ್ಲ, ಮನೆಯ ಕಿಟಕಿಯ ಪಕ್ಕ ಹೊಲಿಗೆಗೆ ಕೂತಿದ್ದಳು, ಬಲಗಾಲು ಚಪ್ಪಲಿಯೊಳಗೇ ಇಲ್ಲದ ಪೆಡಲು ತುಳಿಯುತ್ತಿತ್ತು, ಹೊಟ್ಟು ಹಾರಿ ಹುಬ್ಬಿಗೆ, ಕುಂಕುಮಕ್ಕೆ, ಕೈಬಳೆಗೆ, ಪಟ್ಟಿಯ ಉದ್ದಕ್ಕೂ ಮಷಿನು ಪಳಗಿದ ಎತ್ತಿನಂತೆ ನಡೆಯಿತು, ಗುರುತು ಹಾಕಿದ ಕಡೆ ನಿಂತಿತು. ನೇರ. ಅಸ್ಲಂ ವಾಹ್ ಅಕ್ಕ ಅಂದ, ನನಗೂ ಕೂಗಬೇಕೆನಿಸಿತು, ಜೊತೆಗೇ ಗಂಟಲಲ್ಲಿ ಏನೋ ಕಹಿ, ಬೇವಿನ ಪುಡಿ ಇರಬೇಕು, ಅದೇ ಇರಬೇಕು, ನನ್ನ ಹೆಂಡತಿಗೆ ನಾನು ಮಾಡಿಕೊಡಬೇಕಾದ ಕಪಾಟು, ಅವಳೇ ಮಾಡಿಕೊಳ್ಳುತ್ತಾಳೆ ಇನ್ನು, ನಾನು ಚಹಾ ತಂದುಕೊಡುತ್ತೇನೆ. ಅವಳು ಕಚ್ಚಿನೊಳಗೆ ಊದಿ ಬಗ್ಗಿ ನೋಡಿದಳು. ತುದಿ ದುಂಡಗ ಉಳದೈತಲ್ಲ, ಹಲಿಗಿ ಮೂಲಿ ಕೂರೂದು ಹೆಂಗ? ಅಲಗು ದುಂಡಗ ತಿರುಗತೈತಲ್ಲ ಅಕ್ಕ, ಮೂಲಿ ಚೌಕ ಆಗಬೇಕಂದ್ರ ಉಳಿನೇ ಹಚ್ಚಬೇಕು. ಹಂಗಾದ್ರ ಅದು ಇವರ ಕೆಲಸ, ಎಂದು ನನ್ನ ಕಡೆ ತಿರುಗಿದಳು. ಮನ್ಯಾಗ ನೋಡೂಣು ಬಿಡು, ಅಂದೆ. ಇಲ್ಲೇ ಮಾಡ್ರಿ, ಮನಿಗೆ ಒಯ್ದರ ಮತ್ತ ಒಲಿಗೆ ಹಾಕ್ತೀರಿ.

ಗೊತ್ತಿತ್ತು ಅವಳಿಗೆ, ಎಲ್ಲವೂ ಗೊತ್ತಿತ್ತು. ಅಸ್ಲಂ ಕೊಟ್ಟ ಸಣ್ಣ ಉಳಿ ಜೇಬಿನಿಂದ ಬಂದ ಕೈಗೆ ಬಂತು, ಕೈ ಶುರು ಮಾಡಿತು, ಉಳಿಯ ಬಾಯಿ ಗೆರೆಯ ಮೇಲೆ ಅತ್ತ ಇತ್ತ ಕುಣಿಯಿತು, ಹೊಳೆಯುವ ಹೊಸ ಉಳಿ, ಕೂದಲು ಸೀಳುವ ಹಾಗಿದ್ದದ್ದು, ಆಗ ಅವಳು ಹಲಗೆಯ ಮೇಲೆ ಅಂಗೈ ಊರಿ ತನ್ನ ಹೆಬ್ಬೆರಳನ್ನು ಗೆರೆಯ ಪಕ್ಕದಲ್ಲಿಟ್ಟಳು, ಉಳಿಯ ಮೈಗೆ ತಾಗಿಸಿ, ಸೂಜಿ ಚುಚ್ಚಿ ಚುಚ್ಚಿ ದಡ್ಡುಗಟ್ಟಿದ ಹೆಬ್ಬೆರಳು, ಬೆರಳು ತಗಿ ಹೊನ್ನೂರಿ, ತಗಿಯಂಗಿಲ್ಲ, ಒತ್ರಿ ನೀವು, ಹರಿದೀತಲೇ, ಒತ್ರಿ ಅಂದಳು. ಒತ್ತಿದೆ. ಆತುಕೊಳ್ಳಲು ಏನೋ ಸಿಕ್ಕ ಹಾಗೆ ಕೈ ಸುಮ್ಮನಾಯಿತು, ಪೂರ್ತಿ ಅಲ್ಲ, ಬೇಕಾದಷ್ಟು, ಮೂಲೆಯಿಂದ ಒಂದು ಸಿಬರು ಬೆಣ್ಣೆಯಂತೆ ಎದ್ದು ಬಂತು. ರೂಟರ್ ಕಟ್ಟಿಸಿದೆವು, ಆ ಉಳಿಯನ್ನೂ, ಈಗ ಕೊಟ್ಟೂರಿನ ಬಸ್ಸು, ಡಬ್ಬಿ ನನ್ನ ತೊಡೆಯ ಮೇಲೆ, ರಸ್ತೆಯ ಅಂಚಿಗೆ ಹರವಿದ ಮೆಕ್ಕೆಜೋಳ ಹಿಂದೆ ಓಡುತ್ತಿದೆ, ಮೇಲಿನ ಹಲಿಗಿಗೆ ಕೆಂಪು ದಾರ, ಅದರ ಕೆಳಗ ಹಸರು, ಕೇಳಾಕತ್ತೀರೇನು, ಎಂದು ಕಿಟಕಿಯ ಪಕ್ಕದಿಂದ ಅವಳು, ಹ್ಞೂಂ, ಹಸಿರು, ಕೇಳುತ್ತಿದ್ದೇನೆ, ಕೆಳಗ ಗುಂಡಿ ಡಬ್ಬಿ, ಹ್ಞೂಂ, ಆದರೆ ನಡುಗುವ ಉಳಿಯ ಪಕ್ಕ ಆ ಹೆಬ್ಬೆರಳು, ಬಿಳಿ ಬಳಪ ಯಾವ ಅಂಕಣಕ್ಕ, ಯಾವುದಕ್ಕಾದರೂ ಇಡು, ಆ ಹೆಬ್ಬೆರಳು, ಹಿಂದಕ್ಕೆ ಸರಿಯಲಿಲ್ಲ, ಕಣ್ಣೂ ಮಿಟುಕಿಸಲಿಲ್ಲ ಅವಳು, ಅಲಗಿನ ಪಕ್ಕ ದಡ್ಡುಗಟ್ಟಿದ ಹೆಬ್ಬೆರಳು, ಸರಿಯದೆ, ಹೆಬ್ಬೆರಳು —